ಮೊಳ, ಕರುಳು, ಮೀನಖಂಡ: ಪುರವಣಿಗೆ ಒಂದು ಕೋರಿಕೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯ ಮಕ್ಕಳ ಪುಟದಲ್ಲಿ ಒಂದು ಲೇಖನ ಬಂದಿತ್ತು. ಕೈ, ಕಾಲು, ಭುಜ, ಹೆಬ್ಬೆರಳಿನ ಹೆಸರಿರುವ ಇಂಗ್ಲಿಷ್ ನುಡಿಗಟ್ಟುಗಳು ಎಲ್ಲಿಂದ ಬಂದವು ಎಂಬ ಲೇಖನ. ನನ್ನ ಮಗಳು ಎಂಟನೇ ಕ್ಲಾಸು. ಅವಳು ಅದನ್ನು ಕತ್ತರಿಸಿ ಶಾಲೆಯ ಪ್ರಾಜೆಕ್ಟ್ ಪುಸ್ತಕಕ್ಕೆ ಅಂಟಿಸಿದಳು. ಅಂಟು ಒಣಗುವ ಮೊದಲೇ ನಾನು ಓದಿದೆ. ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದ ಹತ್ತಿರ, 22 ವರ್ಷದಿಂದ ಸಣ್ಣದೊಂದು ಕ್ಲಿನಿಕ್ ನಡೆಸುತ್ತಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ನನ್ನ ಕೈಯಲ್ಲಿ ಯಾರದೋ ಮಂಡಿ, ಯಾರದೋ ಭುಜ, ಯಾರದೋ ಹಿಮ್ಮಡಿ ಇರುತ್ತದೆ. ಓದುವ ದಿನಗಳಲ್ಲಿ ಇವುಗಳ ಇಂಗ್ಲಿಷ್, ಲ್ಯಾಟಿನ್ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಬೇಕಿತ್ತು. ಈ ಹೆಸರು ಯಾಕೆ ಬಂತು, ಯಾರು ಇಟ್ಟರು ಎಂದು ಹುಡುಕುವ ಅಭ್ಯಾಸ ಆಗ ಅಂಟಿಕೊಂಡಿತು. ಇವತ್ತಿಗೂ ಬಿಟ್ಟಿಲ್ಲ.

ಲೇಖನದ ಭಾಷೆ ಚೆನ್ನಾಗಿತ್ತು. ಮಕ್ಕಳಿಗೆ ತಟ್ಟನೆ ಅರ್ಥವಾಗುವ ಹಾಗಿತ್ತು. ಆದರೆ ಅದರಲ್ಲಿ ಮೂರು ಕಥೆಗಳು ಸರಿಯಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಎಷ್ಟೋ ವರ್ಷದಿಂದ ಓಡಾಡುತ್ತಿರುವ ಕಥೆಗಳೇ ಅವು. ಫೋನಿನಲ್ಲಿ ಬಂದದ್ದನ್ನು ಮಕ್ಕಳು ಅಳಿಸಿಹಾಕುತ್ತಾರೆ. ಪತ್ರಿಕೆಯಲ್ಲಿ ಬಂದದ್ದನ್ನು ಅಂಟಿಸಿ ಇಟ್ಟುಕೊಳ್ಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯದು 'ರೂಲ್ ಆಫ್ ಥಂಬ್'. ಹೆಬ್ಬೆರಳಿಗಿಂತ ದಪ್ಪವಿಲ್ಲದ ಕೋಲಿನಿಂದ ಗಂಡ ಹೆಂಡತಿಯನ್ನು ಹೊಡೆಯಬಹುದು ಎಂದು ಇಂಗ್ಲೆಂಡಿನಲ್ಲಿ ಕಾನೂನಿತ್ತು, ಅಲ್ಲಿಂದ ಈ ಮಾತು ಬಂತು ಎಂದು ಲೇಖನ ಹೇಳುತ್ತದೆ. ಹೆಬ್ಬೆರಳಿನ ಅಳತೆಯ ಅಂಥ ಕಾನೂನು ಇರಲಿಲ್ಲ. 1782ರಲ್ಲಿ ಫ್ರಾನ್ಸಿಸ್ ಬುಲ್ಲರ್ ಎಂಬ ನ್ಯಾಯಾಧೀಶರು ಹೀಗೊಂದು ಮಾತು ಹೇಳಿದರು ಎಂದು ಸುದ್ದಿ ಹಬ್ಬಿತು. ಜೇಮ್ಸ್ ಗಿಲ್‌ರೇ ಎಂಬ ಚಿತ್ರಕಾರ ಅವರನ್ನು 'ಜಡ್ಜ್ ಥಂಬ್' ಎಂದು ಕರೆದು ವ್ಯಂಗ್ಯಚಿತ್ರ ಬರೆದ. ಆದರೆ ನುಡಿಗಟ್ಟು ಅದಕ್ಕಿಂತ ಸುಮಾರು ನೂರು ವರ್ಷ ಹಳೆಯದು. 17ನೇ ಶತಮಾನದಲ್ಲೇ ಅಚ್ಚಿನಲ್ಲಿ ಸಿಗುತ್ತದೆ. ಆಗಲೂ ಅದರ ಅರ್ಥ ಇಷ್ಟೇ: ಪುಸ್ತಕದ ಲೆಕ್ಕ ಇಟ್ಟುಕೊಳ್ಳದೆ, ಪಳಗಿದ ಕೈಯ ಅಂದಾಜಿನಲ್ಲಿ ಕೆಲಸ ಮಾಡುವುದು. ಹೆಂಡತಿಗೆ ಹೊಡೆಯುವ ಕಥೆಯನ್ನೂ ಈ ಮಾತನ್ನೂ ಗಂಟು ಹಾಕಿದ್ದು ತೀರಾ ಈಚೆಗೆ, 1970ರ ದಶಕದಲ್ಲಿ.

ಇದನ್ನು ಹೇಳುವಾಗ ನನಗೆ ಒಂದು ಅಳುಕೂ ಇದೆ. ಹೆಂಡತಿಗೆ ಹೊಡೆಯುವುದೇ ಸುಳ್ಳು ಎಂದು ಯಾರೂ ತಿಳಿಯಬಾರದು. ನನ್ನ ಕ್ಲಿನಿಕ್ಕಿಗೆ ಮಣಿಕಟ್ಟು ಮುರಿದು, ಪ್ಲಾಸ್ಟರ್ ಬಿಚ್ಚಿಸಿಕೊಂಡು ಹೆಣ್ಣುಮಕ್ಕಳು ಬರುತ್ತಾರೆ. ಹೇಗಾಯಿತಮ್ಮ ಎಂದರೆ ಬಾತ್‌ರೂಮಲ್ಲಿ ಜಾರಿದೆ ಅನ್ನುತ್ತಾರೆ. ನಾಲ್ಕನೇ ಸಲವೋ ಐದನೇ ಸಲವೋ ಬಂದಾಗ, ಕೈಗೆ ಶಾಖ ಕೊಡುತ್ತಿರುವಾಗ, ಮುಖ ಆ ಕಡೆ ತಿರುಗಿಸಿಕೊಂಡು ಹೇಳುತ್ತಾರೆ: 'ಅವರು ಕೈ ಮಾಡಿದ್ರು ಮೇಡಂ.' ಹೊಡೆದರು ಎಂಬ ಮಾತು ಬಾಯಿಗೆ ಬರುವುದಿಲ್ಲ. 'ಕೈ ಮಾಡಿದ್ರು', 'ಕೈ ಎತ್ತಿದ್ರು' ಎಂದೇ ಹೇಳುವುದು. ಮೈಯ ನುಡಿಗಟ್ಟು ಅಂದರೆ ಬರೀ ಶಾಲೆಯ ಪಾಠ ಅಲ್ಲ ಎಂದು ನನಗೆ ಗೊತ್ತಾದದ್ದು ಇವರಿಂದಲೇ. ಬಾಯಿಬಿಟ್ಟು ಹೇಳಲಾಗದ್ದನ್ನು ಅದು ಹೇಳಿಸುತ್ತದೆ.

ಹೆಬ್ಬೆರಳಿನ ಅಳತೆಗೆ ಬರೋಣ. ಇದನ್ನು ಮಕ್ಕಳಿಗೆ ತಿಳಿಸಲು ಇಂಗ್ಲೆಂಡಿನವರೆಗೆ ಹೋಗಬೇಕಾಗಿಯೇ ಇಲ್ಲ. ಗಾಂಧಿ ಬಜಾರಿಗೆ ಕರೆದುಕೊಂಡು ಹೋದರೆ ಸಾಕು. ಹೂ ಮಾರುವವರು ಮಲ್ಲಿಗೆ ದಂಡೆಯನ್ನು ಬೆರಳ ತುದಿಯಿಂದ ಮೊಣಕೈವರೆಗೆ ಹಿಡಿದು ಒಂದು ಮೊಳ ಅನ್ನುತ್ತಾರೆ. 'ನಿನ್ನ ಕೈ ಗಿಡ್ಡ ಕಣಮ್ಮ, ಸ್ವಲ್ಪ ಜಾಸ್ತಿ ಬಿಡು' ಎಂದು ಕೊಳ್ಳುವವರು ಕೇಳುತ್ತಾರೆ. ಅವರೂ ಎರಡು ಬೆರಳಷ್ಟು ಬಿಟ್ಟು ಕತ್ತರಿಸುತ್ತಾರೆ. ಹೆಬ್ಬೆರಳಿನಿಂದ ತೋರುಬೆರಳಿಗೆ ಚೋಟು. ಹೆಬ್ಬೆರಳಿನಿಂದ ಕಿರುಬೆರಳಿಗೆ ಗೇಣು. ಎರಡೂ ಕೈ ಚಾಚಿದರೆ ಮಾರು. ಅಡುಗೆಮನೆಗೆ ಬಂದರೆ ಚಿಟಿಕೆ, ಹಿಡಿ, ಬೊಗಸೆ. ಯೂರೋಪಿನಲ್ಲೂ ಹೀಗೇ ಇತ್ತು. ಫ್ರೆಂಚಿನಲ್ಲಿ ಇಂಚಿಗೂ ಹೆಬ್ಬೆರಳಿಗೂ ಒಂದೇ ಪದ. ಹಳೆಯ ಕಾಲದ 'ಕ್ಯೂಬಿಟ್' ಎಂಬ ಅಳತೆ ಬಂದದ್ದು ಮೊಣಕೈಯ ಲ್ಯಾಟಿನ್ ಹೆಸರಿನಿಂದ. ಅದು ನಮ್ಮ ಮೊಳವೇ ಅಲ್ವಾ? ನನ್ನ ಮಗಳಿಗೆ ಇದನ್ನು ಹೇಳಿದಾಗ ಅವಳು ಎದ್ದು ಹೋಗಿ ಸ್ಕೇಲ್ ತಂದು ತನ್ನ ಮೊಳ, ನನ್ನ ಮೊಳ, ಅಜ್ಜಿಯ ಮೊಳ ಮೂರನ್ನೂ ಅಳೆದಳು. ಅವಳದೇ ಉದ್ದ ಬಂತು.

ಎರಡನೆಯದು 'ಪುಲ್ಲಿಂಗ್ ದ ಲೆಗ್', ಅಂದರೆ ತಮಾಷೆಗೆ ಕಾಲೆಳೆಯುವುದು. ಲಂಡನ್ನಿನ ಟೈಬರ್ನ್‌ನಲ್ಲಿ ನೇಣು ಹಾಕುವಾಗ ಬೇಗ ಜೀವ ಹೋಗಲಿ ಎಂದು ಕಾಲು ಹಿಡಿದು ಎಳೆಯುತ್ತಿದ್ದರು, ಅಲ್ಲಿಂದ ಮಾತು ಬಂತು ಎಂದು ಲೇಖನದಲ್ಲಿದೆ. ಟೈಬರ್ನ್‌ನಲ್ಲಿ ನೇಣು ಹಾಕುವುದು 1783ಕ್ಕೇ ನಿಂತಿತು. ತಮಾಷೆ ಮಾಡುವುದು ಎಂಬ ಅರ್ಥದಲ್ಲಿ ಈ ಮಾತು ಕಾಣಿಸಿಕೊಳ್ಳುವುದು 19ನೇ ಶತಮಾನದಲ್ಲಿ. ನಡುವೆ ಅಷ್ಟು ವರ್ಷ ಆ ಮಾತು ಎಲ್ಲಿತ್ತು? ಸಾಯುವವನ ಕಾಲಿಗೂ ತಮಾಷೆಗೂ ನಂಟು ಎಲ್ಲಿಯದು? ಹದಿಮೂರು ವರ್ಷದ ಮಕ್ಕಳಿಗೆ ನೇಣಿನ ಕಥೆ ಹೇಳುವ ಮೊದಲು ಇಷ್ಟು ಕೇಳಿಕೊಳ್ಳಬೇಕಿತ್ತು.

ಮೂರನೆಯದು 'ಕೋಲ್ಡ್ ಶೋಲ್ಡರ್', ಅಂದರೆ ಬೇಕೆಂದೇ ಅಸಡ್ಡೆ ತೋರುವುದು. ಬೇಡದ ನೆಂಟರು ಬಂದರೆ ತಣ್ಣಗಾದ ಕುರಿ ಭುಜದ ಮಾಂಸ ಬಡಿಸುತ್ತಿದ್ದರಂತೆ, ಮಾತು ಅಲ್ಲಿಂದ ಬಂತಂತೆ. ಇದಕ್ಕೆ ಆಧಾರವಿಲ್ಲ. ಈ ಮಾತು ಅಚ್ಚಿನಲ್ಲಿ ಮೊದಲು ಸಿಗುವುದು ವಾಲ್ಟರ್ ಸ್ಕಾಟ್ ಅವರ 'ದಿ ಆಂಟಿಕ್ವೆರಿ' ಎಂಬ 1816ರ ಕಾದಂಬರಿಯಲ್ಲಿ, ಸ್ಕಾಟ್ಲೆಂಡಿನ ಆಡುಮಾತಿನಲ್ಲಿ. ಅಲ್ಲಿ ಊಟದ ಸುದ್ದಿಯೇ ಇಲ್ಲ. ಒಬ್ಬಳಿಗೆ ಇನ್ನೊಬ್ಬಳನ್ನು ಕಂಡರೆ ಆಗದು, ಅದನ್ನು ಭುಜದಲ್ಲಿ ತೋರಿಸಿದಳು ಎಂದಷ್ಟೇ ಇದೆ. ನಾವು ಮುಖ ತಿರುಗಿಸಿದಳು ಅನ್ನುತ್ತೇವೆ. ಮುಖ ತಿರುಗಿದರೆ ಭುಜವೂ ತಿರುಗುತ್ತದೆ. ಎದುರಿಗೆ ಕೂತವರಿಗೆ ಉಳಿಯುವುದು ಆ ಭುಜ ಮಾತ್ರ. ನಾನು ದಿನಾ ನೋಡುವ 'ಫ್ರೋಜನ್ ಶೋಲ್ಡರ್' ಬೇರೆ. ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ ಎಂಬ ಸರ್ಜನ್ 1934ರಲ್ಲಿ ಆ ಹೆಸರಿಟ್ಟರು. ನಮ್ಮ ಜನ ಅದನ್ನು 'ರಟ್ಟೆ ಹಿಡ್ಕೊಂಡಿದೆ' ಅನ್ನುತ್ತಾರೆ. ಜಡೆ ಹಾಕಲು ಕೈ ಮೇಲೆ ಬರುತ್ತಿಲ್ಲ ಎಂದು ಹೇಳಿಕೊಂಡು ಬರುತ್ತಾರೆ.

ಸರಿಯಾದ ಕಥೆಗಳು ಈ ಕಟ್ಟುಕಥೆಗಳಿಗಿಂತ ಎಷ್ಟೋ ಸೊಗಸು. ನನ್ನ ಹತ್ತಿರ ಮಂಡಿನೋವಿಗೆ ಬರುತ್ತಿದ್ದ ಹಿರಿಯರೊಬ್ಬರು ರೇಸ್ ಕೋರ್ಸಿನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವರು. ಗೆಲುವು ಖಚಿತ ಎಂದು ಗೊತ್ತಾದ ಜಾಕಿ ಕೊನೆಯಲ್ಲಿ ಕೈ ಕೆಳಗಿಳಿಸಿ ಲಗಾಮು ಸಡಿಲ ಬಿಡುವುದನ್ನು ನನ್ನ ಬೆಂಚಿನ ಮೇಲೆ ಕೂತೇ ತೋರಿಸಿದ್ದರು. ಸುಲಭವಾಗಿ ಗೆಲ್ಲುವುದಕ್ಕೆ ಹೇಳುವ 'ಹ್ಯಾಂಡ್ಸ್ ಡೌನ್' ಎಂಬ ಇಂಗ್ಲಿಷ್ ಮಾತು 19ನೇ ಶತಮಾನದ ಕುದುರೆ ರೇಸಿನಿಂದ ಬಂದದ್ದು. ಪುಸ್ತಕದಲ್ಲಿ ಓದಿದ್ದೆ. ಆ ಎರಡು ಒರಟು ಕೈ ಕೆಳಗಿಳಿದಾಗಲೇ ಅದು ನನ್ನ ಕಣ್ಣಿಗೆ ಕಟ್ಟಿದ್ದು.

ಹಿಮ್ಮಡಿಯ ಕಥೆಯೂ ಹಾಗೇ. 'ಅಕಿಲಿಸ್ ಹೀಲ್' ಬಗ್ಗೆ, ಅಂದರೆ ಗ್ರೀಕ್ ವೀರ ಅಕಿಲಿಸ್‌ನ ಮೈಯಲ್ಲಿ ಪೆಟ್ಟು ತಾಗುವ ಒಂದೇ ಜಾಗವಾದ ಹಿಮ್ಮಡಿಯ ಬಗ್ಗೆ, ಲೇಖನ ಸರಿಯಾಗಿಯೇ ಹೇಳಿದೆ. ಒಂದು ಮಾತು ಸೇರಿಸಬಹುದಿತ್ತು. ತಾಯಿ ಮಗುವಿನ ಹಿಮ್ಮಡಿ ಹಿಡಿದು ಸ್ಟಿಕ್ಸ್ ನದಿಯಲ್ಲಿ ಅದ್ದಿದ ಕಥೆ ಹೋಮರನ ಇಲಿಯಡ್‌ನಲ್ಲಿ ಇಲ್ಲ. ನಮಗೆ ಸಿಕ್ಕಿರುವುದು ಕ್ರಿಸ್ತಶಕ ಮೊದಲ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ. ಹಿಮ್ಮಡಿಯ ಮೇಲಿನ ಆ ದಪ್ಪ ನರಕ್ಕೆ 1693ರಲ್ಲಿ ಫಿಲಿಪ್ ವೆರ್‌ಹೇಯನ್ ಎಂಬ ಅಂಗರಚನಾ ತಜ್ಞರು ಅಕಿಲಿಸ್‌ನ ಹೆಸರಿಟ್ಟರು. ಅದು ನಿಜವಾಗಿ ನರವಲ್ಲ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಆದರೆ ನಮ್ಮಲ್ಲಿ ಎಲ್ಲರೂ ನರ ಎಂದೇ ಕರೆಯುವುದು. ನಮ್ಮಜ್ಜಿ ದುರ್ಯೋಧನನ ತೊಡೆಯ ಕಥೆ ಹೇಳುತ್ತಿದ್ದರು. ಗಾಂಧಾರಿಯ ಕಣ್ಣು ಬಿದ್ದ ಮೈಯೆಲ್ಲ ವಜ್ರವಾಯಿತು, ಬಟ್ಟೆ ಮುಚ್ಚಿದ್ದ ತೊಡೆ ಮಾತ್ರ ಹಾಗೇ ಉಳಿಯಿತು ಎಂದು. ಈ ಎರಡು ತಾಯಂದಿರ ಕಥೆಯನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಇಟ್ಟರೆ ಮಕ್ಕಳು ಎಷ್ಟು ಆಸೆಯಿಂದ ಓದುತ್ತಾರೆ!

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಕರುಳಿನ ಕಥೆ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಒಂದು ಸಾಲಿದೆ. ಕಷ್ಟದಲ್ಲಿರುವ ಅಣ್ಣತಮ್ಮನನ್ನು ಕಂಡೂ ತನ್ನ 'ಕರುಣೆಯ ಕರುಳನ್ನು' ಮುಚ್ಚಿಕೊಂಡವನಲ್ಲಿ ದೇವರ ಪ್ರೀತಿ ಹೇಗೆ ನೆಲೆಸೀತು ಎಂದು ಕೇಳುತ್ತದೆ. ಅಲ್ಲಿ ಇರುವ ಪದ 'ಬವೆಲ್ಸ್', ಅಂದರೆ ಕರುಳೇ. ಮೂಲ ಗ್ರೀಕಿನಲ್ಲಿಯೂ ಹೊಟ್ಟೆಯೊಳಗಿನ ಅಂಗಗಳ ಹೆಸರೇ ಇದೆ. ಆಗಿನ ಇಂಗ್ಲಿಷರಿಗೆ ಮರುಕ ಹುಟ್ಟುವ ಜಾಗ ಕರುಳು. ಆಮೇಲಿನ ಅನುವಾದಗಳಲ್ಲಿ ಆ ಜಾಗಕ್ಕೆ ಹೃದಯ ಬಂತು, ಮರುಕ ಎಂಬ ನೇರ ಪದ ಬಂತು. ಇವತ್ತಿನ ಇಂಗ್ಲಿಷಿನಲ್ಲಿ 'ಬವೆಲ್ಸ್' ಅಂದರೆ ಹೆಚ್ಚಾಗಿ ಡಾಕ್ಟರ ಹತ್ತಿರ ಆಡುವ ಮಾತು. ನಮ್ಮಲ್ಲಿ ಹಾಗಾಗಿಲ್ಲ. ಕರುಳು ಚುರುಕ್ ಅಂತು, ಕರುಳು ಹಿಂಡಿದ ಹಾಗಾಯ್ತು, ಹೆತ್ತ ಕರುಳು, ಕರುಳ ಕುಡಿ, ಕರುಳಬಳ್ಳಿ. ನಾನು ಪಿಯುಸಿಯಲ್ಲಿದ್ದಾಗ ಹಾಸ್ಟೆಲ್ಲಿನಲ್ಲಿ ಜ್ವರ ಬಂದು ಮಲಗಿದ್ದೆ. ಮನೆಯಲ್ಲಿ ಫೋನಿರಲಿಲ್ಲ. ಅಮ್ಮ ಮಾರನೇ ದಿನ ಬಸ್ಸು ಹತ್ತಿ ಬಂದುಬಿಟ್ಟಿದ್ದರು. ಯಾರು ಹೇಳಿದರು ಎಂದು ಕೇಳಿದೆ. 'ಯಾರೂ ಹೇಳ್ಲಿಲ್ಲ, ಯಾಕೋ ಕರುಳು ಕಿತ್ತು ಬಂದ ಹಾಗಾಯ್ತು' ಅಂದರು. ಅದನ್ನು ಇಂಗ್ಲಿಷಿಗೆ ಹೇಗೆ ಹೇಳಲಿ? ನಾನೂರು ವರ್ಷದ ಹಿಂದಿನ ಇಂಗ್ಲಿಷ್ ಆಗಿದ್ದರೆ ಹೇಳಬಹುದಿತ್ತು.

ಪಿತ್ತದ ಮಾತೂ ಹೀಗೆ ಎರಡೂ ಕಡೆ ಇದೆ. ಅವರಲ್ಲಿ ಪ್ರಾಚೀನ ಗ್ರೀಕ್ ವೈದ್ಯ ಹಿಪೊಕ್ರೆಟಿಸ್‌ನ ಕಾಲದಿಂದ ಮೈಯಲ್ಲಿ ನಾಲ್ಕು ರಸ ಎಂಬ ನಂಬಿಕೆ ಇತ್ತು. ನಮ್ಮಲ್ಲಿ ವಾತ, ಪಿತ್ತ, ಕಫ. 'ಮೆಲಂಕಲಿ' ಅಂದರೆ ಗ್ರೀಕಿನಲ್ಲಿ ಕಪ್ಪು ಪಿತ್ತ. ನಮ್ಮಲ್ಲಿ ಸಿಟ್ಟು ತಲೆಗೆ ಹತ್ತಿದವನಿಗೆ ಪಿತ್ತ ನೆತ್ತಿಗೇರಿದೆ ಅನ್ನುತ್ತೇವೆ. ಆ ವೈದ್ಯವನ್ನು ಬಿಟ್ಟವರೂ ಆ ಮಾತನ್ನು ಬಿಟ್ಟಿಲ್ಲ.

ಈಗ ನನ್ನ ಕೋರಿಕೆ. ಮೊದಲು, ಆ ಮೂರು ಕಥೆಗಳಿಗೆ ಅದೇ ಮಕ್ಕಳ ಪುಟದಲ್ಲಿ ತಿದ್ದುಪಡಿ ಹಾಕಿ. ಒಳಪುಟದ ಮೂಲೆಯಲ್ಲಿ ಬೇಡ, ಮಕ್ಕಳ ಕಣ್ಣಿಗೆ ಬೀಳುವ ಕಡೆ ಹಾಕಿ. ಎರಡನೆಯದು, ಪ್ರತಿ ವಾರ ಅಲ್ಲೇ ಒಂದಿಷ್ಟು ಜಾಗವನ್ನು ಕನ್ನಡದ ಮೈಮಾತುಗಳಿಗೆ ಕೊಡಿ. ಓದುಗರಿಂದಲೇ ತರಿಸಿಕೊಳ್ಳಿ. ಬೀದರಿನವರು ಒಂದು ಹೇಳುತ್ತಾರೆ, ಮಂಗಳೂರಿನವರು ಇನ್ನೊಂದು, ಚಾಮರಾಜನಗರದವರು ಮತ್ತೊಂದು.

ಇದು ಪಾಠಕ್ಕೆ ಮಾತ್ರ ಬೇಕಾದದ್ದಲ್ಲ. ಹೋದ ವರ್ಷ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಒಂದು ಆಸ್ಪತ್ರೆಯಿಂದ ನನ್ನ ಹತ್ತಿರ ಬಂದರು. ಅಲ್ಲಿ ಅವರು 'ಕಾಲು ಸೇದುತ್ತೆ, ರಾತ್ರಿಯೆಲ್ಲ ಜೋಮು' ಎಂದು ಹೇಳಿದ್ದರು. ಅಲ್ಲಿದ್ದ ಎಳೆಯ ಡಾಕ್ಟರು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರಂತೆ. ಚೀಟಿಯಲ್ಲಿ ಮಂಡಿನೋವು ಎಂದಷ್ಟೇ ಬರೆದಿದ್ದರು. ಮಂಡಿಗೆ ವ್ಯಾಯಾಮ ಹೇಳಿಕೊಡಿ ಎಂದು ನನ್ನ ಕಡೆ ಕಳಿಸಿದ್ದರು. ಅಜ್ಜಿಯ ಮಂಡಿಗೆ ಏನೂ ಆಗಿರಲಿಲ್ಲ. ತೊಂದರೆ ಇದ್ದದ್ದು ಸೊಂಟದಲ್ಲಿ ಒತ್ತಿಹೋದ ನರದಲ್ಲಿ. 'ನಾನು ಹೇಳಿದ್ದು ಆ ಮಗೂಗೆ ತಿಳೀಲಿಲ್ಲ ಕಣಮ್ಮ' ಎಂದು ಅಜ್ಜಿ ಅವರ ಪರವಾಗಿಯೇ ಮಾತಾಡಿದರು. ಸೇದುವುದು, ಜೋಮು, ಉಳುಕು, ಸೆಳೆತ, ಹಿಡಿತ, ಇರಿತ ಇವೆಲ್ಲ ಬೇರೆ ಬೇರೆ ನೋವು. ಒಂದೊಂದೂ ಒಂದೊಂದು ಕಡೆ ಬೆರಳು ತೋರಿಸುತ್ತದೆ.

22 ವರ್ಷದಿಂದ ಇಂಥ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಯಾರ ಹೆಸರೂ ಇಲ್ಲ, ಮಾತು ಮತ್ತು ಊರು ಮಾತ್ರ. ನೀವು ಅಂಕಣ ಶುರು ಮಾಡುವುದಾದರೆ ಪೂರ್ತಿ ನಕಲು ಮಾಡಿಸಿ ಕಳಿಸುತ್ತೇನೆ. ಮೊದಲ ವಾರಕ್ಕೆ ಮೀನಖಂಡ ಇರಲಿ. ಮಂಡಿಯ ಕೆಳಗೆ, ಕಾಲಿನ ಹಿಂಬದಿಯಲ್ಲಿ ಉಬ್ಬಿರುವ ಮಾಂಸಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಅದು. ಹೆಸರಿನಲ್ಲೇ ಮೀನಿದೆ. ಇಂಗ್ಲಿಷಿನ 'ಮಸಲ್' ಎಂಬ ಪದ ಬಂದದ್ದು ಪುಟ್ಟ ಇಲಿ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಚರ್ಮದ ಕೆಳಗೆ ಅದು ಓಡಾಡುವುದನ್ನು ಕಂಡು ರೋಮಿನವರಿಗೆ ಇಲಿ ನೆನಪಾಗಿರಬೇಕು, ನಮ್ಮವರಿಗೆ ಮೀನು. ನನ್ನ ಮಗಳು ಪ್ರಾಜೆಕ್ಟ್ ಪುಸ್ತಕದಲ್ಲಿ ಎರಡರ ಚಿತ್ರವನ್ನೂ ಬರೆದಿದ್ದಾಳೆ. ಬೇಕಿದ್ದರೆ ಅದನ್ನೂ ಕಳಿಸುತ್ತಾಳಂತೆ.

ಇತಿ,
ನಿಮ್ಮ ಪತ್ರಿಕೆಯನ್ನು ದಿನಾ ಓದುವ ಒಬ್ಬ ಫಿಸಿಯೋಥೆರಪಿಸ್ಟ್
ಹನುಮಂತನಗರ, ಬೆಂಗಳೂರು