ಹಾರ್ಟ್ ಪೇಷಂಟ್‌ಗಳ ಭಯಕ್ಕೂ ಚಿಕಿತ್ಸೆ ಬೇಕು

ಮಾನ್ಯ ಸಂಪಾದಕರೇ,

ಕೊರೊನಾ ಮುಗೀತು ಅಂತ ಎಲ್ರೂ ಮರ್ತಿದಾರೆ, ಆದ್ರೆ ಹಾರ್ಟ್ ಕಾಯಿಲೆ ಇರೋರ ಮನೆಗಳಲ್ಲಿ ಆವಾಗ ಹೊಕ್ಕ ಭಯ ಇನ್ನೂ ಹೋಗಿಲ್ಲ.

ನಮ್ಮಪ್ಪಂಗೆ ಸ್ಟೆಂಟ್ ಹಾಕಿದೆ, ಸಕಲೇಶಪುರದ ಹತ್ರ ಊರು. ಬಿಪಿ, ಶುಗರ್, ಹಾರ್ಟ್ ಪ್ರಾಬ್ಲಮ್ ಇರೋರಿಗೆ ಕೊರೊನಾ ಬಂದ್ರೆ ಅಪಾಯ ಜಾಸ್ತಿ ಅಂತ ಟಿವಿಲಿ ಹೇಳಿದ್ದೇ ಹೇಳಿದ್ದು. ಅದು ನಿಜಾನೇ, ಹೇಳ್ಬೇಕಾಗಿತ್ತು ಕೂಡ. ಆದ್ರೆ ಲಾಕ್‌ಡೌನಲ್ಲಿ ದಿನಪೂರ್ತಿ ಅದನ್ನೇ ಕೇಳ್ಕೊಂಡು ಕೂತೋರ ಗತಿ? ಅಪ್ಪ ರಾತ್ರಿ ಎದ್ದೆದ್ದು ಆಕ್ಸಿಮೀಟರ್‌ಗೆ ಬೆರಳಿಟ್ಕೊಂಡು ಕೂರೋರು, 97 ಇದ್ದಿದ್ದು 95 ಆದ್ರೆ ಸಾಕು ಮೈಯೆಲ್ಲ ಬೆವರು, ಆ ಗಾಬರಿಗೇ ಪಲ್ಸ್ 110 ದಾಟೋದು, ಅದನ್ನ ನೋಡಿ ಇನ್ನಷ್ಟು ಗಾಬರಿ. ಎದೆ ಹಿಡ್ಕೊಂಡ್ರೂ ಆಸ್ಪತ್ರೆ ಬೇಡ, ಹೋದ್ರೆ ಕೋವಿಡ್ ವಾರ್ಡಿಗೆ ಹಾಕ್ತಾರೆ ಅಂತ ಒಂದೇ ಹಠ. ಚೆಕಪ್ ನಿಂತೋಯ್ತು, ವಾಕಿಂಗ್ ನಿಂತೋಯ್ತು, ನಿದ್ದೆ ಅಂತೂ ಕೇಳ್ಲೇಬೇಡಿ.

ಇದು ಬರೀ ಮನಸ್ಸಿನ ವಿಷಯ ಅಲ್ಲ ಸಾರ್. ಟೆನ್ಶನ್ ಆದಾಗ ಅಡ್ರಿನಾಲಿನ್, ಕಾರ್ಟಿಸಾಲ್ ಏರುತ್ತೆ, ಬಿಪಿ ಏರುತ್ತೆ, ಹಾರ್ಟ್ ಜೋರಾಗಿ ಹೊಡ್ಕೊಳುತ್ತೆ, ಮೊದ್ಲೇ ರಕ್ತನಾಳ ಸಣ್ಣಗಾಗಿರೋರಿಗೆ ಅಷ್ಟು ಕೆಲಸಕ್ಕೆ ಬೇಕಾದ ರಕ್ತ ಸಾಲಲ್ಲ. ಬ್ಲಾಕ್ ಇಲ್ದಿದ್ರೂ ಮನಸ್ಸಿಗಾದ ಆಘಾತಕ್ಕೇ ಹಾರ್ಟ್ ಸೋಲೋ ಟಾಕೋಟ್ಸುಬೋ ಅನ್ನೋ ತೊಂದ್ರೆನೂ ಇದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನೋರು 2020ರ ಮಾರ್ಚ್-ಏಪ್ರಿಲಲ್ಲಿ ಹಾರ್ಟ್ ಅಟ್ಯಾಕ್ ತರದ ಲಕ್ಷಣ ಇದ್ದು ಬಂದೋರನ್ನ ನೋಡಿದಾಗ ಶೇ 7.8 ಜನಕ್ಕೆ ಇದಿತ್ತಂತೆ, ಕೊರೊನಾಗೆ ಮುಂಚೆ ಶೇ 2ಕ್ಕಿಂತ ಕಮ್ಮಿ. ಅವರಲ್ಲಿ ಯಾರಿಗೂ ಕೊರೊನಾ ಪಾಸಿಟಿವ್ ಇರ್ಲಿಲ್ಲ.

2025ರ ಜೂನಲ್ಲಿ ನಮ್ಮ ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿಗಳು ಸಾಲಾಗಿ ಬಂದಾಗ ಅದೇ ಭಯ ವಾಪಸ್ ಬಂತು. ಮೈಸೂರಿನ ಜಯದೇವ ಹಾರ್ಟ್ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ್ಲೇ ಕ್ಯೂ. ಕೊರೊನಾ ವ್ಯಾಕ್ಸಿನ್‌ಗೂ ಈ ಸಾವುಗಳಿಗೂ ಸಂಬಂಧ ಇಲ್ಲ ಅಂತ ತಜ್ಞರ ಸಮಿತಿ ಹೇಳಿದ್ರೂ, ವ್ಯಾಕ್ಸಿನಿಂದ್ಲೇ ಹೀಗಾಯ್ತು ಅನ್ನೋ ವಾಟ್ಸಾಪ್ ಮೆಸೇಜ್ ಮುಂದೆ ಅದನ್ನ ಯಾರು ಕೇಳ್ತಾರೆ?

ನನ್ನ ಬೇಡಿಕೆ ದೊಡ್ಡದೇನಲ್ಲ. ಹಾರ್ಟ್ ಒಪಿಡಿಲಿ ಬಿಪಿ ನೋಡೋ ಹಾಗೇ ನಿದ್ದೆ ಬರುತ್ತಾ, ಭಯ ಆಗುತ್ತಾ ಅಂತಾನೂ ಕೇಳ್ಲಿ, ವಾರಕ್ಕೊಂದು ದಿನ ಆದ್ರೂ ಕೌನ್ಸೆಲರ್ ಕೂರ್ಲಿ. ಮನಸ್ಸಿನ ತೊಂದ್ರೆಗೆ ಫೋನಲ್ಲೇ ಸಲಹೆ ಕೊಡೋ ಟೆಲಿ ಮನಸ್ 14416 ಅಂತ ಫ್ರೀ ನಂಬರ್ ಇರೋದು ನಮ್ಮೂರಲ್ಲಿ ಹೆಚ್ಚಿನೋರಿಗೆ ಗೊತ್ತೇ ಇಲ್ಲ, ಅದನ್ನ ಇಸಿಜಿ ರೂಮಿನ ಬಾಗಿಲಿಗೆ ಅಂಟಿಸ್ಲಿ. ನೀವೂ ಸಾವಿನ ಸುದ್ದಿ ಹಾಕುವಾಗ ಅದ್ರ ಕೆಳಗೇ, ಎದೆನೋವು ಬಂದ್ರೆ ಕಾಯದೆ 108ಕ್ಕೆ ಫೋನ್ ಮಾಡಿ, ತಾಲ್ಲೂಕು ಆಸ್ಪತ್ರೆಲಿ ಹೃದಯ ಜ್ಯೋತಿ ಯೋಜನೆಲಿ ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಫ್ರೀ ಇದೆ ಅಂತ ನಾಲ್ಕು ಸಾಲು ಹಾಕಿ.

ಒಬ್ಬ ಓದುಗ, ಹಾಸನ