ವಿಶಾಖಪಟ್ಟಣ ಶಿಪ್‌ಯಾರ್ಡ್ ಕಾರ್ಮಿಕರ ನೆನಪು ಉಳಿಸಲು ನೆರವಾಗಿ

ಆತ್ಮೀಯರೇ, ನಮಸ್ಕಾರ.

ವಿಶಾಖಪಟ್ಟಣದಲ್ಲಿ ನೆಲೆಸಿರುವ ಕೆಲವು ಕನ್ನಡ ಕುಟುಂಬಗಳು ಸೇರಿ ಒಂದು ಪುಟ್ಟ ಟ್ರಸ್ಟ್ ನಡೆಸುತ್ತಿದ್ದೇವೆ. ಮಕ್ಕಳಿಗೊಂದು ವಾಚನಾಲಯ, ಭಾನುವಾರ ಕನ್ನಡ ಪಾಠ, ಇಷ್ಟು ದಿನ ಇದೇ ನಮ್ಮ ಕೆಲಸವಾಗಿತ್ತು. ಈಗ ಇನ್ನೊಂದಕ್ಕೆ ಕೈ ಹಾಕಿದ್ದೇವೆ. ಇಲ್ಲಿನ ಶಿಪ್‌ಯಾರ್ಡ್‌ನಲ್ಲಿ ಮೊದಲ ಹಡಗುಗಳನ್ನು ಕಟ್ಟಿದ ಕಾರ್ಮಿಕರ ಫೋಟೊ, ಕಾಗದಪತ್ರ, ಅವರ ಮನೆಯವರ ಮಾತು ಎಲ್ಲವನ್ನೂ ಒಂದು ಕಡೆ ಕೂಡಿಡಬೇಕು. ಅದಕ್ಕೆ ನಿಮ್ಮ ನೆರವು ಬೇಕು.

ಆಂಧ್ರದ ಶಿಪ್‌ಯಾರ್ಡ್‌ಗೂ ನಮಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಬೆಂಬಲದಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಅದೇ ನಮ್ಮ ಇಂದಿನ ಎಚ್‌ಎಎಲ್. ಆರು ತಿಂಗಳು ಕಳೆಯಿತು. 1941ರ ಜೂನ್ 21ರಂದು ಇಲ್ಲಿ ಅವರದೇ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಶಿಪ್‌ಯಾರ್ಡ್‌ಗೆ ಬಾಬು ರಾಜೇಂದ್ರ ಪ್ರಸಾದ್ ಅಡಿಗಲ್ಲು ಹಾಕಿದರು. ಎಚ್‌ಎಎಲ್ ಗೊತ್ತಿಲ್ಲದ ಕನ್ನಡಿಗರಿಲ್ಲ. ಅದರ ಒಡಹುಟ್ಟು ಇಲ್ಲಿದೆ ಅಂತ ಎಷ್ಟು ಜನಕ್ಕೆ ಗೊತ್ತು?

ಯುದ್ಧ ಇವೆರಡನ್ನೂ ಬೇರೆ ಬೇರೆ ದಾರಿಗೆ ತಂದಿತು. ಬೆಂಗಳೂರಿನ ಕಾರ್ಖಾನೆಗೆ ಅಮೆರಿಕದ ವಿಮಾನಗಳ ರಿಪೇರಿ ಕೆಲಸ ಸಿಕ್ಕಿತು. ಇಲ್ಲಿ ಆದದ್ದೇ ಬೇರೆ. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ಬಂದು ವಿಶಾಖಪಟ್ಟಣದ ಮೇಲೆ ಬಾಂಬ್ ಹಾಕಿದವು. ಜನ ಗಂಟುಮೂಟೆ ಕಟ್ಟಿಕೊಂಡು ಹಳ್ಳಿಗಳ ಕಡೆ ಹೊರಟರು. ಆಗಷ್ಟೇ ತಲೆ ಎತ್ತುತ್ತಿದ್ದ ಶಿಪ್‌ಯಾರ್ಡ್‌ಗೆ ದೊಡ್ಡ ಪೆಟ್ಟು ಬಿತ್ತು. ಹಡಗುಗಳಿಗಾಗಿ ಇಡೀ ಜಗತ್ತು ಪರದಾಡುತ್ತಿದ್ದ ಹೊತ್ತಿನಲ್ಲಿ ಇಲ್ಲಿಂದ ಒಂದೇ ಒಂದು ದೊಡ್ಡ ಹಡಗೂ ಹೊರಡಲಿಲ್ಲ. ನಮಗೆ ಈಗಲೂ ಹೊಟ್ಟೆ ಉರಿಯುವುದು ಇದಕ್ಕೇ.

ಆದರೂ ಕೆಲಸಗಾರರು ಬಿಡಲಿಲ್ಲ. 1948ರ ಮಾರ್ಚ್ 14ರಂದು, ಸ್ವಾತಂತ್ರ್ಯ ಬಂದ ಏಳೇ ತಿಂಗಳಿಗೆ, ಪ್ರಧಾನಿ ನೆಹರೂ ಇಲ್ಲಿಗೆ ಬಂದು ‘ಜಲ ಉಷಾ’ ಹಡಗನ್ನು ನೀರಿಗೆ ಬಿಟ್ಟರು. ಎಂಟು ಸಾವಿರ ಟನ್ ಸರಕು ಹೊರುವ ಹಡಗು. ಇಂಥದ್ದನ್ನು ನೀರಿಗಿಳಿಸುವುದು ಸುಮ್ನೆ ಅಲ್ಲ. ತಿಂಗಳುಗಟ್ಟಲೆ ದಿಮ್ಮಿಗಳ ಮೇಲೆ ಕೂತಿದ್ದ ಆ ಭಾರವನ್ನೆಲ್ಲ ಜಾರುಹಾದಿಯ ಮೇಲೆ ತರಬೇಕು. ಹಾದಿಗೆ ಗ್ರೀಸ್ ಬಳಿಯಬೇಕು. ಅಡಿಯ ಆಧಾರಗಳನ್ನು ಸರದಿ ತಪ್ಪದಂತೆ ಬಿಡಿಸಬೇಕು. ಒಂದು ಕಡೆ ಹೆಚ್ಚುಕಮ್ಮಿಯಾದರೂ ಹಡಗು ವಾಲುತ್ತದೆ. ರಿಬ್ಬನ್ ಕತ್ತರಿಸಿದವರ ಹೆಸರು ಇತಿಹಾಸದಲ್ಲಿದೆ. ಹಡಗಿನ ಅಡಿ ನುಗ್ಗಿ ಸುತ್ತಿಗೆ ಹೊಡೆದವರ ಹೆಸರು?

ಆಮೇಲಿನ ಕಥೆ ಬಹಳ ಜನಕ್ಕೆ ಗೊತ್ತಿರುವುದೇ. 1952ರಲ್ಲಿ ಸರ್ಕಾರ ದೊಡ್ಡ ಪಾಲು ಕೊಂಡು ಹಿಂದೂಸ್ತಾನ್ ಶಿಪ್‌ಯಾರ್ಡ್ ಎಂದು ಹೆಸರಿಟ್ಟಿತು. ಇವತ್ತು ಅಲ್ಲಿ ಹಡಗು ಕಟ್ಟುವುದರ ಜೊತೆಗೆ ಜಲಾಂತರ್ಗಾಮಿಗಳ ರಿಪೇರಿಯೂ ನಡೆಯುತ್ತದೆ.

ಈಚೆಗೆ ಒಬ್ಬ ಹಿರಿಯರು ತಮ್ಮ ತಂದೆಯ ತಗಡಿನ ಪೆಟ್ಟಿಗೆಯನ್ನು ನಮ್ಮ ವಾಚನಾಲಯಕ್ಕೆ ತಂದಿದ್ದರು. ತಂದೆ ಅಲ್ಲಿ ಬಡಗಿಯಾಗಿದ್ದವರು. ಒಳಗೆ ನಂಬರ್ ಕೆತ್ತಿದ ಹಿತ್ತಾಳೆ ಬಿಲ್ಲೆ, ಮಡಿಕೆಯಲ್ಲೇ ಹರಿದ ಸಂಬಳದ ಚೀಟಿ, ಒಂದು ಗುಂಪಿನ ಫೋಟೊ. ಸಮುದ್ರದ ಉಪ್ಪುಗಾಳಿಗೆ ಫೋಟೊ ಗಾಜಿಗೆ ಅಂಟಿಕೊಂಡಿತ್ತು. ಮುಂದಿನ ಸಾಲಿನವರ ಮುಖ ಆಗಲೇ ಹೋಗಿದೆ. ಇಂಥ ಪೆಟ್ಟಿಗೆಗಳು ಈ ಊರಿನ ಅಟ್ಟಗಳಲ್ಲಿ ಇನ್ನೂ ಇವೆ. ಅವುಗಳ ಕಥೆ ಹೇಳಬಲ್ಲ ಮಕ್ಕಳಿಗೇ ಈಗ ಎಪ್ಪತ್ತು, ಎಂಬತ್ತು ವಯಸ್ಸು. ತಡ ಮಾಡುವ ಹಾಗಿಲ್ಲ, ಅಲ್ವಾ?

ವಾಚನಾಲಯದ ಹಿಂದಿನ ಕೋಣೆ ಖಾಲಿ ಇದೆ, ಬಾಡಿಗೆ ಇಲ್ಲ. ಒಂದು ಒಳ್ಳೆ ಸ್ಕ್ಯಾನರ್, ತೇವ ತಡೆಯುವ ಕಪಾಟುಗಳು, ಮಾತು ದಾಖಲಿಸುವ ಸಲಕರಣೆ, ತೆಲುಗಿನಿಂದ ಕನ್ನಡಕ್ಕೆ ಬರೆದುಕೊಡುವವರಿಗೆ ಸಂಭಾವನೆ, ಎಲ್ಲ ಸೇರಿ 3 ಲಕ್ಷದ 40 ಸಾವಿರ ರೂಪಾಯಿ ಬೇಕು. ದೊಡ್ಡ ಮೊತ್ತವೇ ಕೊಡಬೇಕೆಂದಿಲ್ಲ. 500 ರೂಪಾಯಿ ಕೊಟ್ಟರೆ ಒಂದು ಮನೆಯ ಫೋಟೊಗಳನ್ನು ಸ್ಕ್ಯಾನ್ ಮಾಡಿ, ಒಂದು ಪ್ರತಿಯನ್ನು ಆ ಮನೆಗೇ ಕೊಡಬಹುದು. 5,000ಕ್ಕೆ ಒಬ್ಬ ಹಿರಿಯರ ಮಾತನ್ನು ಪೂರ್ತಿ ದಾಖಲಿಸಬಹುದು.

ಪ್ರತಿ ದೇಣಿಗೆಗೂ ರಸೀದಿ ಕೊಡುತ್ತೇವೆ. ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ವಾಚನಾಲಯದ ಗೋಡೆಗೆ ಹಚ್ಚುತ್ತೇವೆ, ದೂರದಲ್ಲಿರುವ ದಾನಿಗಳಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ತೆರಿಗೆ ರಿಯಾಯಿತಿಯ 80ಜಿ ಇನ್ನೂ ಬಂದಿಲ್ಲ, ಅರ್ಜಿ ಹಾಕಿದ್ದೇವೆ. ಹಣ ಕೊಡಲು ಆಗದವರು, ನಿಮ್ಮ ಮನೆಯಲ್ಲಿ ಯಾರಾದರೂ ಇಲ್ಲಿ ದುಡಿದಿದ್ದರೆ ದಯವಿಟ್ಟು ತಿಳಿಸಿ. ಹಳೆಯ ಫೋಟೊ ಇದ್ದರೆ ಮೂಲ ಪ್ರತಿ ಅಂಚೆಯಲ್ಲಿ ಹಾಕಬೇಡಿ. ನಾವೇ ಯಾರನ್ನಾದರೂ ನಿಮ್ಮ ಮನೆಗೆ ಕಳಿಸುತ್ತೇವೆ.

ಇಂತಿ,
ಟ್ರಸ್ಟಿನ ಸದಸ್ಯರ ಪರವಾಗಿ ಕಾರ್ಯದರ್ಶಿ, ವಿಶಾಖಪಟ್ಟಣ