ಪೇಟೆಯ ಪಾರ್ಕಿಂಗ್‌ಗೆ ದುಡ್ಡು ತಗೊಳ್ಳಿ, ಆ ದುಡ್ಡು ನಮ್ಮ ಬೀದಿಗೇ ಖರ್ಚಾಗಲಿ

ಸಂಪಾದಕರಿಗೆ ನಮಸ್ಕಾರ,

ಪಾರ್ಕಿಂಗ್‌ಗೆ ದುಡ್ಡು ಹಚ್ಚಿದರೆ ಪೇಟೆ ವ್ಯಾಪಾರ ಬಿದ್ದು ಹೋಗುತ್ತದೆ ಅನ್ನೋ ಮಾತು ನಮ್ಮ ಹುಬ್ಬಳ್ಳಿ ವ್ಯಾಪಾರಸ್ಥರ ಬಾಯಲ್ಲಿ ಯಾವಾಗಲೂ ಇರುತ್ತದೆ. ನನ್ನದು ದುರ್ಗದ ಬೈಲಿನ ಹತ್ತಿರ ಒಂದು ಸಣ್ಣ ಸ್ಟೀಲ್ ಪಾತ್ರೆ ಅಂಗಡಿ. ನನ್ನ ಪ್ರಕಾರ ನಮಗೆ ಪೆಟ್ಟು ಬೀಳುತ್ತಿರುವುದೇ ಪುಕ್ಕಟೆ ಪಾರ್ಕಿಂಗ್‌ನಿಂದ.

ಬೆಳಿಗ್ಗೆ ಅಂಗಡಿ ತೆರೆಯೋ ಹೊತ್ತಿಗೆ ಬಂದು ನೋಡಿ. ಇನ್ನೂ ಬೋಣಿ ಆಗಿರುವುದಿಲ್ಲ, ಆಗಲೇ ರಸ್ತೆಯ ಎರಡೂ ಬದಿ ಗಾಡಿ ತುಂಬಿರುತ್ತವೆ. ಯಾರವು? ಅಂಗಡಿ ಮಾಲೀಕರವು, ಕೆಲಸದ ಹುಡುಗರವು, ಮೇಲಿನ ಮಹಡಿಯ ಆಫೀಸಿನವರವು. ಅವು ಅಲ್ಲಿಂದ ಕದಲೋದು ರಾತ್ರಿ ಶಟರ್ ಎಳೆದ ಮೇಲೆ. ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ ಒಂದು ಕಾರು ನಿಂತರೆ 11 ತಾಸು ಆ ಜಾಗ ಒಬ್ಬರದ್ದೇ ಆಯಿತು. ಅದೇ ಜಾಗಕ್ಕೆ ಅರ್ಧರ್ಧ ತಾಸಿಗೆ ಒಂದು ಗಾಡಿ ಬಂದು ಹೋದರೆ 20ಕ್ಕಿಂತ ಜಾಸ್ತಿ ಗಿರಾಕಿಗಳು ಬರಬಹುದಿತ್ತು ಅಲ್ವಾ?

ಮದುವೆ ಸೀಸನ್‌ನಲ್ಲಿ ಕುಂದಗೋಳ, ನವಲಗುಂದ, ಕಲಘಟಗಿ ಕಡೆಯಿಂದ ಮನೆಮಂದಿಯೆಲ್ಲ ಗಾಡಿ ಮಾಡಿಕೊಂಡು ಪಾತ್ರೆ ತಗೊಳ್ಳೋಕೆ ಬರುತ್ತಾರೆ. ಕೊಡ, ತಾಟು, ಡಬ್ಬಿ, ಕುಕ್ಕರ್, ಎಲ್ಲ ಭಾರದ ಸಾಮಾನು, ಕೈಯಲ್ಲಿ ಹೊತ್ತುಕೊಂಡು ದೂರ ನಡೆಯೋಕೆ ಆಗಲ್ಲ. ಡ್ರೈವರ್ ಅವರನ್ನು ಇಳಿಸಿ ಜಾಗ ಹುಡುಕುತ್ತಾ ಸುತ್ತು ಹಾಕುತ್ತಾನೆ, ಕೊಪ್ಪಿಕರ ರಸ್ತೆಗೂ ಹೋಗಿ ಬರುತ್ತಾನೆ, ಎಲ್ಲೂ ಸಿಗೋದಿಲ್ಲ. ಅಷ್ಟರಲ್ಲಿ ಇಲ್ಲಿ ಫೋನ್ ಬರುತ್ತದೆ: "ಲಗೂನ ಬರ್ರಿ, ಇಲ್ಲಿ ನಿಲ್ಲಾಕ ಬಿಡವಲ್ರು." ಆರಿಸಿಟ್ಟ ತಾಟುಗಳನ್ನು ಕೌಂಟರ್ ಮೇಲೆ ಬಿಟ್ಟು "ಇನ್ನೊಮ್ಮೆ ಬರ್ತೀವ್ರಿ ಅಣ್ಣಾರ" ಅಂತ ಅವರು ಎದ್ದು ಹೋಗುತ್ತಾರೆ. ಮುಂದಿನ ಸಲ ಅವರು ಸ್ವಂತ ಪಾರ್ಕಿಂಗ್ ಇರುವ ದೊಡ್ಡ ಶೋರೂಮ್‌ಗೆ ಹೋದರೆ ಅದು ಅವರ ತಪ್ಪಲ್ಲ. ಹತ್ತು ರೂಪಾಯಿ ಉಳಿಸೋಕೆ ಹೋಗಿ ನಾವು ಹತ್ತು ಸಾವಿರದ ವ್ಯಾಪಾರ ಕಳೆದುಕೊಳ್ಳುತ್ತಿದ್ದೇವೆ.

ಅಮೆರಿಕದ ಪಾಸಡೀನಾ ಊರಿನ ಹಳೇ ಪೇಟೆಯಲ್ಲೂ ಇದೇ ಕಥೆ ಇತ್ತು. ಅಂಗಡಿಯವರು, ಕೆಲಸದವರು ಅಂಗಡಿ ಮುಂದೆಯೇ ಗಾಡಿ ನಿಲ್ಲಿಸುತ್ತಿದ್ದರು, ಪಾರ್ಕಿಂಗ್ ದುಡ್ಡು ವಸೂಲಿ ಮಾಡೋ ಮೀಟರ್ ಹಾಕುತ್ತೇವೆ ಅಂದಾಗ ವ್ಯಾಪಾರಸ್ಥರು ವಿರೋಧ ಮಾಡಿದರು. ಬಂದ ದುಡ್ಡನ್ನು ಅದೇ ಪೇಟೆಗೆ ಖರ್ಚು ಮಾಡುತ್ತೇವೆ ಅಂತ ಅಲ್ಲಿನ ಆಡಳಿತ ಮಾತು ಕೊಟ್ಟ ಮೇಲೆ ಒಪ್ಪಿದರು. 1993ರಲ್ಲಿ ಮೀಟರ್ ಬಂತು. ಆ ದುಡ್ಡಿನಲ್ಲಿ ಫುಟ್‌ಪಾತ್, ದೀಪ, ಸ್ವಚ್ಛತೆ ಎಲ್ಲ ಆಯಿತು, ಪೇಟೆಗೆ ಮತ್ತೆ ಜನ ಬಂದರು. ಇದರ ಬಗ್ಗೆ ಬಹಳ ಅಧ್ಯಯನ ಮಾಡಿದ ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು ಹೇಳಿದ್ದು ಇಷ್ಟೇ: ರಸ್ತೆ ಬದಿಯ ಜಾಗದಲ್ಲಿ ಸುಮಾರು ಶೇ 85ರಷ್ಟು ಮಾತ್ರ ತುಂಬಿರುವಂತೆ ದರ ಇಡಬೇಕು, ಆಗ ಬಂದವರಿಗೆ ಒಂದೆರಡು ಜಾಗ ಯಾವಾಗಲೂ ಖಾಲಿ ಸಿಗುತ್ತದೆ.

ಇನ್ನೊಂದು ಮಾತು. ನಮ್ಮ ಗಿರಾಕಿಗಳೆಲ್ಲ ಕಾರಿನಲ್ಲಿ ಬರೋರಲ್ಲ. ಸಿಬಿಟಿ ಅಂದರೆ ಸಿಟಿ ಬಸ್ ನಿಲ್ದಾಣದಲ್ಲಿ ಬಸ್ ಇಳಿದು ಮಕ್ಕಳ ಕೈ ಹಿಡಿದುಕೊಂಡು ನಡೆದು ಬರೋ ಹೆಣ್ಣುಮಕ್ಕಳು ಎಷ್ಟೋ ಜನ. ಅವರಿಗೆ ನಡೆಯೋಕೆ ಫುಟ್‌ಪಾತ್ ಇಲ್ಲ, ಅಲ್ಲೂ ಬೈಕ್ ನಿಂತಿರುತ್ತವೆ.

ದುಡ್ಡು ವಸೂಲಿ ಅಂದರೆ ಜನ ಹೆದರೋಕೂ ಕಾರಣ ಇದೆ. ಟೆಂಡರ್ ಹಿಡಿದವರ ಹುಡುಗರು ರಸೀದಿ ಕೊಡದೆ, ಬೋರ್ಡಿನಲ್ಲಿ ಬರೆದಿದ್ದಕ್ಕಿಂತ ಜಾಸ್ತಿ ಕೇಳಿ ಜಗಳ ಆಡಿದ್ದನ್ನು ನಾನೂ ಅನುಭವಿಸಿದ್ದೇನೆ. ಅದು ಬೇಡವೇ ಬೇಡ. ಮೊದಲ ಅರ್ಧ ತಾಸು ಪುಕ್ಕಟೆ ಇರಲಿ, ಆಮೇಲೆ ತಾಸು ಏರಿದಂತೆ ದರ ಏರಲಿ, ಪ್ರತಿ ಗಾಡಿಗೂ ರಸೀದಿ ಸಿಗಲಿ, ಪ್ರತಿ ತಿಂಗಳು ಎಷ್ಟು ಬಂತು, ಎಲ್ಲಿ ಖರ್ಚಾಯಿತು ಅಂತ ಬೀದಿಯಲ್ಲೇ ಬೋರ್ಡ್ ಹಾಕಲಿ. ಆ ದುಡ್ಡಿನಲ್ಲಿ ಮೊದಲು ಹೆಣ್ಣುಮಕ್ಕಳಿಗೆ ಒಂದು ಸ್ವಚ್ಛ ಶೌಚಾಲಯ ಆಗಲಿ, ಇಡೀ ದಿನ ಸಂತಿ ಮಾಡೋಕೆ ಬಂದವರು ಪಡೋ ಕಷ್ಟ ನಾವು ಅಂಗಡಿಯಲ್ಲಿ ಕೂತು ನೋಡುತ್ತೇವೆ. ಅಂಗಡಿಯವರ ಗಾಡಿಗಳಿಗೆ ಸ್ವಲ್ಪ ದೂರದ ಪಾಲಿಕೆ ಜಾಗದಲ್ಲಿ ಕಡಿಮೆ ದರದ ತಿಂಗಳ ಪಾಸ್ ಕೊಡಲಿ. ಮಾಲು ಇಳಿಸೋ ಟೆಂಪೋಗಳು ಬೆಳಿಗ್ಗೆ 10ರೊಳಗೆ ಬಂದು ಹೋಗಲಿ.

ದೀಪಾವಳಿ ಗದ್ದಲ ಮುಗಿದ ಮೇಲೆ ಯಾವುದಾದರೂ ಒಂದೇ ರಸ್ತೆಯಲ್ಲಿ ಪಾಲಿಕೆಯವರು ಆರು ತಿಂಗಳು ಇದನ್ನು ಮಾಡಿ ನೋಡಲಿ. ವ್ಯಾಪಾರ ಕಡಿಮೆ ಆದರೆ ತೆಗೆದು ಹಾಕಲಿ. ಆ ಒಂದು ರಸ್ತೆ ನಮ್ಮದೇ ಆಗಲಿ ಅಂತ ಕೇಳೋಕೆ ನಾನು ತಯಾರಿದ್ದೇನೆ, ಅಕ್ಕಪಕ್ಕದ ಅಂಗಡಿಯವರೂ ಮುಂದೆ ಬರಬೇಕು.

ಒಬ್ಬ ಪಾತ್ರೆ ವ್ಯಾಪಾರಿ, ಹುಬ್ಬಳ್ಳಿ